ಸಬ್ಸಿಡಿಗಿಂತ ಮೊದಲು ಲೆಕ್ಕ: ಹಾಸನ, ಚಿಕ್ಕಮಗಳೂರಿನ ಸಣ್ಣ ಉದ್ಯಮಗಳು ಹೊರಗಿನ ನೆರವನ್ನು ಯಾವ ಕ್ರಮದಲ್ಲಿ ಪಡೆಯಬೇಕು

ಒಂದು ಕೆಜಿ ಕಾಫಿಪುಡಿಗೆ ಎಷ್ಟು ಬೀಜ ಬೇಕು? ಹೊಸದಾಗಿ ಪುಡಿ ಘಟಕ ಹಾಕಿದ ಎಷ್ಟೋ ಮಂದಿ ಒಂದು ಕೆಜಿಗೆ ಒಂದು ಕೆಜಿ ಎಂದೇ ಹಿಡಿದು ದರ ಕಟ್ಟಿಬಿಡುತ್ತಾರೆ. ಆದರೆ ಹುರಿಯುವಾಗ ಬೀಜದ ತೂಕ ಶೇ 15ರಿಂದ 20ರಷ್ಟು ಇಳಿಯುತ್ತದೆ. ಶೇ 18 ಇಳಿಯಿತು ಎಂದಿಟ್ಟುಕೊಂಡರೆ ಒಂದು ಕೆಜಿ ಪುಡಿಗೆ 1.22 ಕೆಜಿ ಹಸಿರು ಬೀಜ ಹಾಕಬೇಕು. ಉದಾಹರಣೆಗೆ ಬೀಜದ ದರ ಕೆಜಿಗೆ 500 ರೂಪಾಯಿ ಎಂದುಕೊಳ್ಳೋಣ. ಬೀಜಕ್ಕೆ 610, ಹುರಿದು ಪುಡಿ ಮಾಡಲು ಕರೆಂಟು, ಗ್ಯಾಸ್, ಕೂಲಿ ಸೇರಿ 40, ಕಾಲು ಕೆಜಿಯ ನಾಲ್ಕು ಪೌಚ್ ಮತ್ತು ಲೇಬಲ್‌ಗೆ 32. ಒಟ್ಟು 682 ರೂಪಾಯಿ. ತೂಕದ ಇಳಿತ ಮರೆತವರ ಲೆಕ್ಕದಲ್ಲಿ ಇದೇ ಖರ್ಚು 572. ಅವರು ಅಂಗಡಿಗೆ 680ಕ್ಕೆ ಕೊಟ್ಟು ಕೆಜಿಗೆ 108 ರೂಪಾಯಿ ಉಳಿಯಿತು ಎಂದುಕೊಳ್ಳುತ್ತಾರೆ. ವಾಸ್ತವದಲ್ಲಿ 2 ರೂಪಾಯಿ ಕೈಬಿಟ್ಟಿದೆ. ಬಾಡಿಗೆ, ಸಾಲದ ಬಡ್ಡಿ, ಹಿಂದಿರುಗಿ ಬಂದ ಮಾಲು ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ಇಂಥ ಘಟಕಕ್ಕೆ ಹೊರಗಿನಿಂದ ನೆರವು ಬಂದರೆ ಏನಾಗುತ್ತದೆ ನೋಡಿ. ಪ್ರಚಾರದವರು ಬಂದು ತಿಂಗಳಿಗೆ 200 ಕೆಜಿ ಇದ್ದ ಮಾರಾಟವನ್ನು 600ಕ್ಕೆ ಏರಿಸುತ್ತಾರೆ. ನಷ್ಟವೂ ಮೂರು ಪಟ್ಟಾಗುತ್ತದೆ. ಸಾಲ ಕೊಡಿಸುವವರು ದೊಡ್ಡ ರೋಸ್ಟರ್ ಕೊಡಿಸುತ್ತಾರೆ. ನಷ್ಟದ ಮೇಲೆ ಕಂತೂ ಬೀಳುತ್ತದೆ. ಇಬ್ಬರೂ ತಮ್ಮ ಕೆಲಸವನ್ನು ಪ್ರಾಮಾಣಿಕವಾಗಿಯೇ ಮಾಡಿರುತ್ತಾರೆ. ತಪ್ಪಿದ್ದು ನೆರವು ಪಡೆದ ಕ್ರಮ. ನಮ್ಮ ಎರಡೂ ಜಿಲ್ಲೆಗಳಲ್ಲಿ ಸಣ್ಣ ಉದ್ಯಮ ಎಂದೊಡನೆ ಮೊದಲು ಬರುವ ಮಾತು ‘ಸಬ್ಸಿಡಿ ಎಷ್ಟು ಸಿಗುತ್ತೆ’ ಎಂಬುದು. ಆಮೇಲೆ ಪ್ರಚಾರ, ಆಮೇಲೆ ಗುಣಮಟ್ಟ. ಲೆಕ್ಕ ನೆನಪಾಗುವುದು ನೋಟಿಸ್ ಬಂದಾಗ. ಈ ಸರಪಳಿಯನ್ನು ಪೂರ್ತಿ ತಿರುಗಿಸಿ ಹಾಕಬೇಕು.

ಕಾರಣ ಸರಳ. ನೆರವು ಕೊಡುವ ಪ್ರತಿಯೊಬ್ಬರಿಗೂ ಯಾವುದೋ ಒಂದು ಘಟನೆ ನಡೆದಾಗ ದುಡ್ಡು ಬರುತ್ತದೆ. ಸಾಲದ ಮಧ್ಯವರ್ತಿಗೆ ಸಾಲ ಮಂಜೂರಾದಾಗ, ಟ್ಯಾಕ್ಸ್ ಕನ್ಸಲ್ಟೆಂಟ್‌ಗೆ ರಿಟರ್ನ್ ಹಾಕಿದಾಗ, ಪ್ರಚಾರದವರಿಗೆ ತಿಂಗಳು ಮುಗಿದಾಗ, ಯಂತ್ರ ಮಾರುವವರಿಗೆ ಯಂತ್ರ ಇಳಿಸಿದಾಗ. ನಿಮಗೆ ಲಾಭ ಬಂದಾಗ ಮಾತ್ರ ದುಡ್ಡು ಸಿಗುವ ನೆರವುಗಾರರು ಯಾರೂ ಇಲ್ಲ. ಹಾಗಾಗಿ ಯಾವುದು ಮೊದಲು, ಯಾವುದು ಆಮೇಲೆ ಎಂದು ನಿರ್ಧರಿಸುವ ಹೊಣೆಯನ್ನು ಮಾಲೀಕರು ಇನ್ನೊಬ್ಬರಿಗೆ ವಹಿಸುವಂತಿಲ್ಲ.

ಲೆಕ್ಕ ಬರೆಯುವವರು

2025ರ ಜುಲೈಯಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಆಧಾರದ ಮೇಲೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಬೇಕರಿ, ಕಾಂಡಿಮೆಂಟ್ಸ್, ಹಾಲಿನ ಅಂಗಡಿಯವರೆಲ್ಲ ಒಮ್ಮೆಲೇ ಆಡಿಟರ್ ಕಚೇರಿಯ ಮೆಟ್ಟಿಲೇರಿದರು. ಸರಕು ಮಾರುವವರಿಗೆ ಕರ್ನಾಟಕದಲ್ಲಿ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ. ಬಹಳ ಮಂದಿ ಎಡವಿದ್ದು ಇನ್ನೊಂದು ಕಡೆ. ತೆರಿಗೆ ಇಲ್ಲದ ಹಾಲು, ತರಕಾರಿಯನ್ನಷ್ಟೇ ಮಾರುವವರಿಗೆ ನೋಂದಣಿ ಬೇಡ, ನಿಜ. ಆದರೆ ಅದೇ ಅಂಗಡಿಯಲ್ಲಿ ಬಿಸ್ಕತ್ತು, ಜ್ಯೂಸು ಇದ್ದರೆ 40 ಲಕ್ಷದ ಮಿತಿ ಎಣಿಸುವಾಗ ಹಾಲಿನ ಮಾರಾಟವೂ ಸೇರುತ್ತದೆ. ಜತೆಗೆ ಚೀಟಿ ದುಡ್ಡು, ಅಣ್ಣ ಕಳಿಸಿದ ಸಾಲ, ಮನೆ ಬಾಡಿಗೆ ಎಲ್ಲವೂ ಅಂಗಡಿಯ ಅದೇ ಕ್ಯೂಆರ್ ಕೋಡಿಗೆ ಬಿದ್ದಿದ್ದರೆ ಯಾವುದು ವ್ಯಾಪಾರ, ಯಾವುದು ಅಲ್ಲ ಎಂದು ಬಿಡಿಸಿ ತೋರಿಸುವ ಭಾರ ವ್ಯಾಪಾರಿಯದೇ.

ಇಲ್ಲಿ ಒಂದು ವ್ಯತ್ಯಾಸ ಗಟ್ಟಿಯಾಗಿ ಹಿಡಿದುಕೊಳ್ಳಿ. ರಿಟರ್ನ್ ಹಾಕುವುದು ಬೇರೆ, ಲೆಕ್ಕ ಬರೆಯುವುದು ಬೇರೆ. ‘ಆಡಿಟರ್ ನೋಡ್ಕೋತಾರೆ’ ಎನ್ನುವ ಬಹುತೇಕ ಕಡೆ ನಡೆಯುತ್ತಿರುವುದು ಮೊದಲನೆಯದು ಮಾತ್ರ: ಬಿಲ್ಲುಗಳ ಕಟ್ಟು ಹೋಗುತ್ತದೆ, ತೆರಿಗೆಯ ಅಂಕಿ ಬರುತ್ತದೆ. ಯಾವ ಮಾಲಿನಲ್ಲಿ ಲಾಭ, ಯಾರಿಂದ ಎಷ್ಟು ಬಾಕಿ, ದಾಸ್ತಾನು ಎಷ್ಟು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ತಿಂಗಳ ಶುಲ್ಕ ಮಾತಾಡುವಾಗಲೇ ನಾಲ್ಕು ಕಾಗದ ಕೇಳಿ: ಬ್ಯಾಂಕ್ ಪಾಸ್‌ಪುಸ್ತಕಕ್ಕೆ ತಾಳೆಯಾದ ಲೆಕ್ಕ, ಬರಬೇಕಾದ ಬಾಕಿಯ ಪಟ್ಟಿ, ಕೊಡಬೇಕಾದ ಬಾಕಿಯ ಪಟ್ಟಿ, ದಾಸ್ತಾನಿನ ಮೌಲ್ಯ. ಮುಂದಿನ ತಿಂಗಳ 10ನೇ ತಾರೀಕಿನೊಳಗೆ ಕೈಗೆ ಬರಬೇಕು. ಮೂರು ತಿಂಗಳು ತಡವಾಗಿ ಬಂದ ಲೆಕ್ಕ ತೆರಿಗೆಗೆ ಸಾಕು, ದರ ತಿದ್ದಲು ಸಾಲದು.

ಇದರ ಜತೆ ಒಂದೇ ಒಂದು ಸಲ, ಕಾಸ್ಟ್ ಅಕೌಂಟೆಂಟ್ ಒಬ್ಬರಿಂದ ಪ್ರತಿ ಮಾಲಿನ ತಯಾರಿಕಾ ವೆಚ್ಚದ ಪಟ್ಟಿ ಮಾಡಿಸಿ. ಇಡೀ ಸಾಲಿನಲ್ಲಿ ಅತಿ ಕಡಿಮೆ ಖರ್ಚಿನ, ಅತಿ ಹೆಚ್ಚು ಫಲ ಕೊಡುವ ನೆರವು ಇದೇ ಎಂಬುದು ನಮ್ಮ ಖಚಿತ ಅಭಿಪ್ರಾಯ. ಬೀಜದ ದರ ಬದಲಾದಾಗ ಒಂದು ಅಂಕಿ ತಿದ್ದಿದರೆ ಹೊಸ ಮಾರಾಟ ದರ ಬರುವಂತೆ ಆ ಪಟ್ಟಿ ಇರಬೇಕು.

ಅವಸರದ ನೋಂದಣಿಯೂ ಕಾಡುತ್ತದೆ. ಸಾಲಕ್ಕೆ ಬೇಕೆಂದು ಜಿಎಸ್‌ಟಿ ಮಾಡಿಸಿ, ವ್ಯಾಪಾರ ಶುರುವಾಗಿಲ್ಲವೆಂದು ಸುಮ್ಮನಿದ್ದರೆ ಶೂನ್ಯ ರಿಟರ್ನ್‌ಗೂ ದಿನಕ್ಕೆ 20 ರೂಪಾಯಿ ತಡ ಶುಲ್ಕ ಏರುತ್ತಾ ಹೋಗುತ್ತದೆ. ವಹಿವಾಟು ಇದ್ದರೆ 50. ಒಂದೂವರೆ ಕೋಟಿಯೊಳಗಿನ ತಯಾರಕರಿಗೆ, ವ್ಯಾಪಾರಿಗಳಿಗೆ ವಹಿವಾಟಿನ ಶೇ 1ರಷ್ಟು ಕಟ್ಟಿ ಮುಗಿಸುವ ರಾಜಿ ತೆರಿಗೆ (ಕಾಂಪೋಸಿಷನ್) ಸುಲಭವಾಗಿ ಕಂಡರೂ ಅದರಲ್ಲಿ ಹೊರರಾಜ್ಯಕ್ಕೆ ಮಾಲು ಕಳಿಸುವಂತಿಲ್ಲ. ಪ್ರವಾಸಕ್ಕೆ ಬಂದ ಚೆನ್ನೈ, ಹೈದರಾಬಾದಿನ ಗಿರಾಕಿಗಳಿಗೆ ಕೊರಿಯರ್‌ನಲ್ಲಿ ಪುಡಿ ಕಳಿಸಬೇಕೆಂದಿರುವ ಚಿಕ್ಕಮಗಳೂರಿನ ಘಟಕ ಇದನ್ನು ಮೊದಲ ದಿನವೇ ಯೋಚಿಸಬೇಕು.

ಗುಣಮಟ್ಟಕ್ಕೆ ಹತ್ತಿರದಲ್ಲೇ ಇರುವವರು

ಎರಡನೆಯ ಮೆಟ್ಟಿಲು ಮಾಲಿನ ಗುಣ. ನಮ್ಮ ಭಾಗಕ್ಕೆ ಇದರಲ್ಲಿ ಬೇರೆ ಜಿಲ್ಲೆಗಳಿಗಿಲ್ಲದ ಅನುಕೂಲವಿದೆ, ಬಳಕೆ ಮಾತ್ರ ಕಡಿಮೆ. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ 1925ರಿಂದ ಕೆಲಸ ಮಾಡುತ್ತಿದೆ. ಕಾಫಿಯಲ್ಲಿ ಹೊಸ ಉದ್ಯಮ ಕಟ್ಟುವವರಿಗೆ ನೆರವಾಗಲೆಂದೇ ಅಟಲ್ ಇನ್‌ಕ್ಯುಬೇಷನ್ ಕೇಂದ್ರವೂ ಅದರ ಜತೆ ಇದೆ. ಸಕಲೇಶಪುರದ ಹತ್ತಿರ ದೋಣಿಗಾಲ್‌ನಲ್ಲಿ ಸಾಂಬಾರ ಮಂಡಳಿಯ ಏಲಕ್ಕಿ ಸಂಶೋಧನಾ ಕೇಂದ್ರ, ಮೂಡಿಗೆರೆಯಲ್ಲಿ ತೋಟಗಾರಿಕಾ ಕಾಲೇಜು ಮತ್ತು ಕೃಷಿ ವಿಜ್ಞಾನ ಕೇಂದ್ರ, ಹಾಸನದ ಕಂದಲಿಯಲ್ಲಿ ಇನ್ನೊಂದು ಕೃಷಿ ವಿಜ್ಞಾನ ಕೇಂದ್ರ, ಕಾರೆಕೆರೆಯಲ್ಲಿ ಕೃಷಿ ಕಾಲೇಜು. ಹಾಸನದಿಂದ ಮೂರು ಗಂಟೆ ದಾರಿಯೊಳಗೆ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ). ಆಹಾರ ಪದಾರ್ಥದ ಪರೀಕ್ಷೆ, ಕೆಡದಂತೆ ಇಡುವ ವಿಧಾನ, ತಂತ್ರಜ್ಞಾನದ ಪರವಾನಗಿ ಮೂರೂ ಅಲ್ಲಿ ಸಿಗುತ್ತವೆ.

ಅಲ್ಲಿಗೆ ಹೋಗುವವರು ‘ನಮ್ಮ ಪುಡಿ ಚೆನ್ನಾಗಿದೆಯಾ’ ಎಂದು ಕೇಳಬಾರದು. ತೂಕ ಹಾಕಬಹುದಾದ, ಅಳೆಯಬಹುದಾದ ಪ್ರಶ್ನೆ ಒಯ್ಯಬೇಕು. ಅರಸೀಕೆರೆ, ಚನ್ನರಾಯಪಟ್ಟಣದ ಕಡೆಯ ಎಣ್ಣೆ ಗಾಣದವರಿಗೆ ಮೂರು ತಿಂಗಳಲ್ಲಿ ಕೊಬ್ಬರಿ ಎಣ್ಣೆ ಕಮಟು ವಾಸನೆ ಹೊಡೆಯುತ್ತಿದ್ದರೆ, ಮೊದಲು ಅನುಮಾನ ಪಡಬೇಕಾದದ್ದು ಬಾಟಲಿಯನ್ನಲ್ಲ, ಕೊಬ್ಬರಿಯ ತೇವವನ್ನು. ತೇವ ಶೇ 6ರ ಆಸುಪಾಸಿಗೆ ಇಳಿಯುವ ಮೊದಲೇ ಗಾಣಕ್ಕೆ ಹಾಕಿದರೆ ಬೂಷ್ಟು ಹಿಡಿದು ಎಣ್ಣೆಯ ಆಮ್ಲಾಂಶ ಏರುತ್ತದೆ. ತೇವ ಅಳೆಯುವ ಸಣ್ಣ ಮೀಟರೊಂದು ಬ್ರ್ಯಾಂಡಿಂಗ್‌ಗೆ ಸುರಿಯುವ ದುಡ್ಡಿಗಿಂತ ಹೆಚ್ಚು ಗಿರಾಕಿಗಳನ್ನು ಉಳಿಸುತ್ತದೆ. ಕಾಫಿಯಲ್ಲಿ ಇನ್ನೊಂದು ಬಗೆಯ ತೊಂದರೆ. ಹುರಿದ ಬೀಜದಿಂದ ಗಂಟೆಗಟ್ಟಲೆ, ದಿನಗಟ್ಟಲೆ ಇಂಗಾಲದ ಡೈಆಕ್ಸೈಡ್ ಹೊರಬರುತ್ತಿರುತ್ತದೆ. ಬಿಸಿ ಆರುತ್ತಿದ್ದಂತೆ ಮಾಮೂಲಿ ಪೌಚಿಗೆ ತುಂಬಿ ಸೀಲ್ ಮಾಡಿದರೆ ಪೌಚ್ ಊದಿಕೊಂಡು ಸೀಲ್ ಬಿಡುತ್ತದೆ. ಒಂದೋ ಗಾಳಿ ಹೊರಗಷ್ಟೇ ಬಿಡುವ ವಾಲ್ವ್ ಇರುವ ಪೌಚ್ ಬಳಸಬೇಕು, ಇಲ್ಲವೇ ಆರಲು ಸಮಯ ಕೊಡಬೇಕು. ಮಲೆನಾಡಿನ ಮಳೆಗಾಲದ ತೇವದಲ್ಲಿ ಬಾಯಿ ತೆರೆದಿಟ್ಟ ಪುಡಿ ಬೇಗ ಗಂಟು ಕಟ್ಟುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾಲ್ವ್ ಪೌಚ್ ಬಳಸಿ ಹುರಿಯುವ ದಿನವೇ ಪ್ಯಾಕಿಂಗ್ ಮುಗಿಯುವಂತೆ ಕೆಲಸ ಹೊಂದಿಸಿಕೊಳ್ಳಬೇಕು.

ಯಂತ್ರ ಕೊಳ್ಳುವ ಮೊದಲು ಹುರಿದು, ಪುಡಿ ಮಾಡಿ, ಪ್ಯಾಕ್ ಮಾಡಿಕೊಡುವ ಜಾಬ್ ವರ್ಕ್ ಬಳಸಿ ನೋಡುವುದು ಒಳ್ಳೆಯದು. ಕಾಫಿ ಕ್ಯೂರಿಂಗ್ ವರ್ಕ್ಸ್ ಇರುವ ಎರಡೂ ಊರುಗಳಲ್ಲಿ ಈ ಕೆಲಸ ಬಲ್ಲವರಿದ್ದಾರೆ. ಅವರೊಂದಿಗಿನ ಮಾತು ಬರಹದಲ್ಲಿರಲಿ: 100 ಕೆಜಿ ಹಸಿರು ಬೀಜ ಕೊಟ್ಟರೆ ಇಷ್ಟು ಹದಕ್ಕೆ ಹುರಿದಾಗ ಕನಿಷ್ಠ ಎಷ್ಟು ಕೆಜಿ ವಾಪಸ್ ಬರಬೇಕು, ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ತೂಕ ಯಾರ ಎದುರು, ಪ್ರತಿ ಬ್ಯಾಚಿನ ಕಾಲು ಕೆಜಿ ಮಾದರಿ ಯಾರ ಬಳಿ ಎಷ್ಟು ದಿನ ಇರಬೇಕು. ಇದಿಲ್ಲದೆ ಬೀಜ ಬದಲಾಯಿತೆಂಬ ಅನುಮಾನ ಹುಟ್ಟಿ ಸಂಬಂಧ ಮುರಿಯುತ್ತದೆ, ಯಾರು ಸರಿಯೆಂದು ತೀರ್ಮಾನಿಸಲು ಸಾಕ್ಷಿಯೇ ಇರುವುದಿಲ್ಲ.

ಲೇಬಲ್ ವಿಷಯದಲ್ಲಿ ಏಜೆಂಟರಿಗೆ ಅನಗತ್ಯವಾಗಿ ದುಡ್ಡು ಹೋಗುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆ, ತಯಾರಕರ ಹೆಸರು ವಿಳಾಸ, ನಿವ್ವಳ ತೂಕ, ತೆರಿಗೆ ಸೇರಿದ ಗರಿಷ್ಠ ಬೆಲೆ, ತಯಾರಾದ ತಿಂಗಳು ವರ್ಷ, ದೂರಿಗೆ ಫೋನ್ ನಂಬರು ಇರಬೇಕು. ಚಿಕೋರಿ ಬೆರೆಸಿದ್ದರೆ ಎರಡರ ಪ್ರಮಾಣವನ್ನೂ ಬರೆಯಬೇಕು. ಕಾಫಿ ಶೇ 51ಕ್ಕಿಂತ ಕಡಿಮೆ ಇರುವಂತಿಲ್ಲ. ಪ್ಯಾಕ್ ಮಾಡುವವರು ಕೆಲಸ ಶುರುವಾದ 90 ದಿನದೊಳಗೆ ಕಾನೂನು ಮಾಪನಶಾಸ್ತ್ರ ಇಲಾಖೆಯಲ್ಲಿ ನೋಂದಾಯಿಸಬೇಕು, ಸರ್ಕಾರಿ ಶುಲ್ಕ 500 ರೂಪಾಯಿ. ಹತ್ತು ಸಾವಿರ ಲೇಬಲ್ ಅಚ್ಚು ಹಾಕಿಸಿದ ಮೇಲೆ ತಪ್ಪು ಕಂಡರೆ ಪೂರ್ತಿ ರದ್ದಿಗೆ ಹೋಗುತ್ತದೆ. ಆದ್ದರಿಂದ ಮೊದಲ ಸುತ್ತಿನಲ್ಲಿ 500ರ ಮೇಲೆ ಮುದ್ರಿಸಬೇಡಿ.

ಹಾಸನದ ಕೈಗಾರಿಕಾ ಪ್ರದೇಶದಲ್ಲಿ ಬಿಡಿಭಾಗ, ಸಿದ್ಧ ಉಡುಪು ಮಾಡುವ ಘಟಕಗಳಿಗೆ ಬೇರೆ ನೆರವಿದೆ. ದೋಷವಿಲ್ಲದ ತಯಾರಿಕೆಗೆ ಕೇಂದ್ರ ಕೊಡುವ ಝೆಡ್ ಪ್ರಮಾಣಪತ್ರದ ಕಂಚಿನ ಹಂತಕ್ಕೆ ಶುಲ್ಕ 10,000. ಸೂಕ್ಷ್ಮ ಘಟಕಗಳಿಗೆ ಶೇ 80 ರಿಯಾಯಿತಿ, ಮಹಿಳೆಯರ ಘಟಕಗಳಿಗೆ ಪೂರ್ತಿ ಉಚಿತ. ತಯಾರಿಕೆಯಲ್ಲಿ ಪೋಲು ತಗ್ಗಿಸುವ ಲೀನ್ ಯೋಜನೆಯಲ್ಲಿ ಸಲಹೆಗಾರರ ಶುಲ್ಕದ ಶೇ 90ನ್ನು ಕೇಂದ್ರವೇ ಭರಿಸುತ್ತದೆ.

ಸಾಲ, ಸಬ್ಸಿಡಿ

ಲೆಕ್ಕ, ಗುಣಮಟ್ಟ ಎರಡೂ ಒಂದು ಹದಕ್ಕೆ ಬಂದ ಮೇಲೆ ಸಾಲದ ಮಾತು. ಆಹಾರ ಸಂಸ್ಕರಣೆಗೆ 2020ರಲ್ಲಿ ಬಂದ ಪಿಎಂಎಫ್‌ಎಂಇ ಯೋಜನೆಯಲ್ಲಿ ಕೇಂದ್ರದ ಶೇ 35ಕ್ಕೆ ಕರ್ನಾಟಕ ಶೇ 15 ಸೇರಿಸಿ ಒಟ್ಟು ಶೇ 50, ಗರಿಷ್ಠ 15 ಲಕ್ಷ ಸಹಾಯಧನ ಇದೆ. ಒಂದು ಜಿಲ್ಲೆ ಒಂದು ಉತ್ಪನ್ನದ ಪಟ್ಟಿಯಲ್ಲಿ ಹಾಸನಕ್ಕೆ ತೆಂಗು, ಚಿಕ್ಕಮಗಳೂರಿಗೆ ಸಾಂಬಾರ ಪದಾರ್ಥ. ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮವಾದ ಪಿಎಂಇಜಿಪಿಯಲ್ಲಿ ತಯಾರಿಕಾ ಘಟಕಕ್ಕೆ 50 ಲಕ್ಷ, ಸೇವೆಗೆ 20 ಲಕ್ಷದವರೆಗಿನ ಯೋಜನೆಗೆ ಗ್ರಾಮೀಣ ಭಾಗದಲ್ಲಿ ಸಾಮಾನ್ಯ ವರ್ಗಕ್ಕೆ ಶೇ 25, ಮಹಿಳೆಯರೂ ಸೇರಿದ ವಿಶೇಷ ವರ್ಗಗಳಿಗೆ ಶೇ 35 ಸಿಗುತ್ತದೆ. ಎರಡರ ಅವಧಿಯೂ 2025-26ರವರೆಗೆ ಎಂದು ನಿಗದಿಯಾಗಿತ್ತು. ಆದ್ದರಿಂದ ಯಂತ್ರಕ್ಕೆ ಮುಂಗಡ ಕೊಡುವ ಮೊದಲು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಈಗಿನ ಸ್ಥಿತಿ ಕೇಳಿಕೊಳ್ಳಿ.

ಪಿಎಂಎಫ್‌ಎಂಇ ಅರ್ಜಿಗೆ ಕಮಿಷನ್ ಕೊಡುವ ಅಗತ್ಯವೇ ಇಲ್ಲ. ಪ್ರತಿ ಜಿಲ್ಲೆಗೂ ಸಂಪನ್ಮೂಲ ವ್ಯಕ್ತಿಗಳಿದ್ದಾರೆ. ಯೋಜನಾ ವರದಿ, ಬ್ಯಾಂಕ್ ಓಡಾಟ, ನೋಂದಣಿಗಳಿಗೆ ನೆರವಾಗುವುದು ಅವರ ಕೆಲಸ. ಮಂಜೂರಾದ ಪ್ರತಿ ಸಾಲಕ್ಕೆ 20,000 ರೂಪಾಯಿಯನ್ನು ಸರ್ಕಾರವೇ ಅವರಿಗೆ ಕೊಡುತ್ತದೆ: ಅರ್ಧ ಮಂಜೂರಾದಾಗ, ಉಳಿದರ್ಧ ನೋಂದಣಿ, ತರಬೇತಿ, ಘಟಕ ಅನುಷ್ಠಾನ ಮುಗಿದಾಗ. ಜಂಟಿ ಕೃಷಿ ನಿರ್ದೇಶಕರ ಕಚೇರಿಯಲ್ಲಿ ವಿಚಾರಿಸಿದರೆ ಅವರ ಸಂಪರ್ಕ ಸಿಗುತ್ತದೆ. ಶೇಕಡಾವಾರು ಕಮಿಷನ್ ಕೇಳುವ ಖಾಸಗಿಯವರ ಅಪಾಯ ಆ ದುಡ್ಡಿನಲ್ಲಷ್ಟೇ ಮುಗಿಯುವುದಿಲ್ಲ. ಸಾಲ ದೊಡ್ಡದಾದಷ್ಟೂ ಅವರ ಪಾಲು ದೊಡ್ಡದು. 8 ಲಕ್ಷದಲ್ಲಿ ಆಗುವ ಘಟಕಕ್ಕೆ 20 ಲಕ್ಷದ ವರದಿ ಬರುವುದು ಹೀಗೆ.

ಆ ವರದಿಗಳಲ್ಲಿ ಪದೇ ಪದೇ ಕಾಣುವ ತಪ್ಪುಗಳಿವೆ. ಬೇರೆ ಊರಿನ ವರದಿಯ ನಕಲಿನಲ್ಲಿ 15 ಎಚ್‌ಪಿ ಮೋಟಾರ್ ಇರುತ್ತದೆ, ಇಲ್ಲಿ ಜಾಗಕ್ಕೆ ಸಿಂಗಲ್ ಫೇಸ್ ಲೈನ್ ಮಾತ್ರ. ಹಾಸನದಲ್ಲಿ ಚೆಸ್ಕ್, ಚಿಕ್ಕಮಗಳೂರಿನಲ್ಲಿ ಮೆಸ್ಕಾಂ ತ್ರೀ ಫೇಸ್ ಕೊಡುವಷ್ಟರಲ್ಲಿ ಕಂತು ಶುರುವಾಗಿರುತ್ತದೆ. ಕಚ್ಚಾ ಮಾಲಿನ ದರ ಹಳೆಯದಿರುತ್ತದೆ: 2025ರ ಹಂಗಾಮಿಗೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 12,100 ಇದ್ದರೆ, ಅದೇ ವರ್ಷ ಮಾರುಕಟ್ಟೆ ದರ 20,000 ದಾಟಿತು. ಬೆಂಬಲ ಬೆಲೆ ಹಿಡಿದು ಮಾಡಿದ ವರದಿಯ ಲಾಭವೆಲ್ಲ ಆವಿಯಾಯಿತು.

ಎಲ್ಲಕ್ಕಿಂತ ದೊಡ್ಡ ತಪ್ಪು ದುಡಿಮೆ ಬಂಡವಾಳದ್ದು, ಅಂದರೆ ಕಚ್ಚಾ ಮಾಲು, ದಿನದ ಖರ್ಚಿಗೆ ಬೇಕಾದ ದುಡ್ಡಿನದು. ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಫೆಬ್ರುವರಿಯೊಳಗೆ. ರೊಬಸ್ಟಾ ಅದರ ಹಿಂದೆಯೇ. ವರ್ಷಕ್ಕೆ ಬೇಕಾದ ಒಳ್ಳೆಯ ಬೀಜ ಹಿಡಿಯಬೇಕಾದದ್ದು ಈ ಕೆಲವೇ ತಿಂಗಳಲ್ಲಿ. ಕೆಜಿಗೆ 500ರಂತೆ ಒಂದು ಟನ್‌ಗೆ 5 ಲಕ್ಷ ಬೀಜದಲ್ಲೇ ಕೂರುತ್ತದೆ. ಪಿಎಂಎಫ್‌ಎಂಇ ಸಹಾಯಧನ ಯಂತ್ರಕ್ಕೆ, ಬೀಜಕ್ಕಲ್ಲ. ಯಂತ್ರ ಬಂದು ನಿಂತಿದೆ, ಬೀಜಕ್ಕೆ ದುಡ್ಡಿಲ್ಲ ಎಂಬ ಸ್ಥಿತಿಯಲ್ಲಿ ಕೈಸಾಲ ಮಾಡಿದವರು ಮೊದಲ ವರ್ಷವೇ ಕುಸಿಯುತ್ತಾರೆ. ಯಂತ್ರದ ಅವಧಿ ಸಾಲದ ಜತೆಗೇ, ಬೇಕಾದಾಗ ತೆಗೆದು ಬಂದಾಗ ಕಟ್ಟುವ ಕ್ಯಾಶ್ ಕ್ರೆಡಿಟ್ ಮಿತಿಯನ್ನೂ ಅದೇ ಅರ್ಜಿಯಲ್ಲಿ ಕೇಳಬೇಕು. ಸಣ್ಣ ಘಟಕಗಳಿಗೆ ಬ್ಯಾಂಕುಗಳು ಸಾಮಾನ್ಯವಾಗಿ ಅಂದಾಜು ವಾರ್ಷಿಕ ವಹಿವಾಟಿನ ಶೇ 20ನ್ನು ಈ ಮಿತಿಯಾಗಿ ಎಣಿಸುತ್ತವೆ: 60 ಲಕ್ಷಕ್ಕೆ 12 ಲಕ್ಷ. ಆದರೆ ಆ 60 ಲಕ್ಷ ನಂಬುವಂತಿರಬೇಕಾದರೆ ಹಿಂದಿನ ರಿಟರ್ನ್‌ಗಳಲ್ಲಿ ವ್ಯಾಪಾರ ಕಾಣಬೇಕು. ಅರ್ಧ ಮಾರಾಟವನ್ನು ಬಿಲ್ಲಿಲ್ಲದೆ ಮಾಡಿದವರಿಗೆ ಅರ್ಧ ಮಿತಿಯೇ ಸಿಗುತ್ತದೆ. ಲೆಕ್ಕ ಮೊದಲು ಎನ್ನುವುದಕ್ಕೆ ಇದೂ ಒಂದು ಕಾರಣ.

ಸಬ್ಸಿಡಿ ಕೈಗೆ ಬರುವ ನಗದಲ್ಲ ಎಂಬುದನ್ನು ಮನೆಯವರಿಗೆಲ್ಲ ತಿಳಿಸಿಡಿ. ಪಿಎಂಇಜಿಪಿಯಲ್ಲಿ ಅದು ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿರುತ್ತದೆ. ಅಷ್ಟು ಮೊತ್ತದ ಸಾಲಕ್ಕೆ ಬಡ್ಡಿ ಬೀಳುವುದಿಲ್ಲ, ಠೇವಣಿಗೂ ಬಡ್ಡಿ ಇಲ್ಲ. ಮೂರು ವರ್ಷ ಘಟಕ ನಡೆದಿದ್ದರೆ ಮಾತ್ರ ಸಾಲಕ್ಕೆ ಹೊಂದಾಣಿಕೆ. ಇನ್ನು ಅಡಮಾನ: ಸಣ್ಣ ಉದ್ಯಮಗಳಿಗೆ ಒಂದು ಮಿತಿಯವರೆಗಿನ ಸಾಲಕ್ಕೆ ಬ್ಯಾಂಕ್ ಅಡಮಾನ ಕೇಳಬಾರದೆಂಬುದು ರಿಸರ್ವ್ ಬ್ಯಾಂಕಿನ ನಿಯಮ; 2025ರಲ್ಲಿ ಆ ಮಿತಿ 10 ಲಕ್ಷ ಇತ್ತು. ತೋಟದ ಪಹಣಿ ತನ್ನಿ ಎಂದರೆ ಕಾರಣವನ್ನು ಬರಹದಲ್ಲಿ ಕೊಡಿ ಎಂದು ಕೇಳುವ ಹಕ್ಕು ನಿಮಗಿದೆ.

ಸಣ್ಣ ಉದ್ಯಮಗಳನ್ನು ಸರ್ಕಾರ ದಾಖಲಿಸಿಕೊಳ್ಳುವ ಉದ್ಯಮ್ ನೋಂದಣಿ ಉಚಿತ. ಶುಲ್ಕ ಕೇಳುವ ವೆಬ್‌ಸೈಟ್ ಯಾವುದೂ ಸರ್ಕಾರದ್ದಲ್ಲ. ತಯಾರಿಕೆ ಮಾಡುವವರು ಅವಸರದಲ್ಲಿ ವ್ಯಾಪಾರದ ಕೋಡ್ ಆರಿಸಿದರೆ ಮುಂದೆ ಪೆಟ್ಟು ತಿನ್ನುತ್ತಾರೆ, ಏಕೆಂದರೆ ಬಾಕಿ ವಸೂಲಿಯ ರಕ್ಷಣೆ ಬರೀ ವ್ಯಾಪಾರಿಗಳಿಗೆ ದಕ್ಕುವುದಿಲ್ಲ. 2006ರ ಸಣ್ಣ ಉದ್ಯಮಗಳ ಕಾಯ್ದೆಯಂತೆ ಸೂಕ್ಷ್ಮ ಮತ್ತು ಸಣ್ಣ ತಯಾರಕರಿಗೆ, ಸೇವೆ ಕೊಡುವವರಿಗೆ ಕರಾರಿಲ್ಲದಿದ್ದರೆ 15 ದಿನ, ಕರಾರಿದ್ದರೂ ಹೆಚ್ಚೆಂದರೆ 45 ದಿನದಲ್ಲಿ ದುಡ್ಡು ಬರಬೇಕು. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಸರ್ಕಾರದ ಆನ್‌ಲೈನ್ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ಅಚ್ಚಾಗಿದ್ದರೆ ಎಷ್ಟೋ ಕಡೆ ದೂರಿನ ಪ್ರಮೇಯವೇ ಬರುವುದಿಲ್ಲ, ಏಕೆಂದರೆ ಗಡುವು ಮೀರಿದ ಬಾಕಿಯನ್ನು ಕೊಳ್ಳುವ ಕಂಪನಿ ಆ ವರ್ಷದ ಆದಾಯ ತೆರಿಗೆಯಲ್ಲಿ ಖರ್ಚೆಂದು ತೋರಿಸಿಕೊಳ್ಳಲಾಗದು.

ಪ್ರಚಾರ ಮತ್ತು ಬೀಗದ ಕೈ

ಪ್ರಚಾರದ ನೆರವು ಕೊನೆಗೆ ಬರಲಿ, ಚಿಕ್ಕ ಅವಧಿಗೆ ಬರಲಿ. 2023ರಲ್ಲಿ ಬೇಲೂರು, ಹಳೇಬೀಡು ವಿಶ್ವ ಪರಂಪರೆಯ ಪಟ್ಟಿ ಸೇರಿದ ಮೇಲೆ ಆ ದಾರಿಯ ಹೋಂಸ್ಟೇ, ಅಂಗಡಿಗಳಿಗೆ ಇಂಥ ಕರೆಗಳು ಹೆಚ್ಚಿವೆ. ಬುಕಿಂಗ್ ಆ್ಯಪ್‌ಗಳ ಕಮಿಷನ್ ಮತ್ತು ಆ ಕಮಿಷನ್ ಮೇಲಿನ ಶೇ 18 ಜಿಎಸ್‌ಟಿ ಕಳೆದು ಕೋಣೆಗೆ ಎಷ್ಟು ಉಳಿಯಿತು ಎಂಬ ಲೆಕ್ಕವನ್ನು ಪ್ರತಿ ತಿಂಗಳೂ ಹಾಕಿ. ನೇರವಾಗಿ ಫೋನ್ ಮಾಡಿ ಬರುವ ಅತಿಥಿಗಳ ಪಾಲು ಏರದಿದ್ದರೆ ಪ್ರಚಾರದವರ ಕೆಲಸ ಆ್ಯಪ್‌ಗಳಿಗೆ ಲಾಭ ತಂದಿದೆ, ನಿಮಗಲ್ಲ.

ಇಲ್ಲಿ ಕಾಡುವ ದೊಡ್ಡ ತೊಂದರೆ ಒಡೆತನದ್ದು. ಡೊಮೇನ್ ಹೆಸರು, ಗೂಗಲ್ ಮ್ಯಾಪ್ಸ್‌ನ ಉದ್ಯಮ ಪುಟ, ಇನ್‌ಸ್ಟಾಗ್ರಾಂ ಖಾತೆ, ಜಾಹೀರಾತು ಖಾತೆ ಎಲ್ಲವೂ ಏಜೆನ್ಸಿಯ ಇಮೇಲ್‌ನಲ್ಲಿ ತೆರೆದಿದ್ದರೆ, ಜಗಳವಾದ ದಿನ ಐದು ವರ್ಷದ ಗಿರಾಕಿಗಳ ವಿಮರ್ಶೆಗಳೂ ಅವರ ಕೈಯಲ್ಲೇ ಉಳಿಯುತ್ತವೆ. ಜಿಎಸ್‌ಟಿ, ಉದ್ಯಮ್, ಎಫ್‌ಎಸ್‌ಎಸ್‌ಎಐ ಪೋರ್ಟಲ್‌ಗಳಿಗೂ ಇದೇ ಮಾತು. ಕನ್ಸಲ್ಟೆಂಟ್‌ನ ಮೊಬೈಲ್ ನಂಬರು ಹಾಕಿದ್ದರೆ ಇಲಾಖೆಯ ನೋಟಿಸ್ ಅವರಿಗೆ ಹೋಗುತ್ತದೆ, ಗಡುವು ಮುಗಿದ ಮೇಲೆ ನಿಮಗೆ ಗೊತ್ತಾಗುತ್ತದೆ. ಉದ್ಯಮದ ಹೆಸರಿನಲ್ಲೇ ಒಂದು ಇಮೇಲ್, ಒಂದು ಸಿಮ್ ಮಾಡಿಸಿ, ಎಲ್ಲ ಖಾತೆಗಳನ್ನೂ ಅದರಲ್ಲೇ ತೆರೆಯಿರಿ. ಹೊರಗಿನವರಿಗೆ ಬೇಕಾದಷ್ಟು ಪ್ರವೇಶವನ್ನು ಮಾತ್ರ ಕೊಡಿ. ಜಾಹೀರಾತಿನ ದುಡ್ಡನ್ನು ಏಜೆನ್ಸಿಗೆ ಕಳಿಸುವ ಬದಲು ನಿಮ್ಮ ಕಾರ್ಡಿನಿಂದಲೇ ಕಟ್ಟಿ. ಆಗ ಅವರ ಸಂಬಳ ಎಷ್ಟು, ಜಾಹೀರಾತಿಗೆ ಹೋದದ್ದೆಷ್ಟು ಎಂಬುದು ಬೇರೆ ಬೇರೆ ಕಾಣುತ್ತದೆ.

ಯಾವ ನೆರವಿಗೂ ಒಂದು ಪುಟದ ಕರಾರು ಸಾಕು. ಮಾಡುವ ಕೆಲಸ ಏನು, ಕೊಡುವ ಕಾಗದ ಯಾವುವು, ಯಾವ ತಾರೀಕಿಗೆ, ಮೂರು ತಿಂಗಳಲ್ಲಿ ಯಾವ ಅಂಕಿ ಎಷ್ಟು ಬದಲಾಗಬೇಕು. ದುಡ್ಡನ್ನು ಮೂರು ಭಾಗ ಮಾಡಿ: ಶುರುವಿನಲ್ಲಿ ಶೇ 30, ನಡುವೆ ಶೇ 40, ಕೊನೆಗೆ ಶೇ 30. ಆ ಕೊನೆಯ ಕಂತನ್ನು ಪಾಸ್‌ವರ್ಡ್‌ಗಳು, ವಿನ್ಯಾಸದ ಮೂಲ ಫೈಲುಗಳು, ಲೆಕ್ಕದ ತಂತ್ರಾಂಶದ ಬ್ಯಾಕಪ್ ಇರುವ ಪೆನ್‌ಡ್ರೈವ್ ಕೈಸೇರಿ, ಎಲ್ಲವನ್ನೂ ನೀವೇ ಒಮ್ಮೆ ತೆರೆದು ನೋಡಿದ ಮೇಲೆ ಕೊಡಿ.